ಎರಡನೇ ಭಾನುವಾರ, ನಾಲ್ಕನೇ ಭಾನುವಾರ: ತೀರ್ಥಹಳ್ಳಿ ಕಡೆಯ ಒಂದು ಡೈವೋರ್ಸ್ ಕೇಸು

ಮೊದ್ಲೇ ಹೇಳಿಬಿಡ್ತೀನಿ, ಇದ್ರಲ್ಲಿ ಯಾರ ಹೆಸರೂ ಇಲ್ಲ. ಊರು ತೀರ್ಥಹಳ್ಳಿ ಕಡೇದು ಅಂತಷ್ಟೇ ಇಟ್ಕೊಳ್ಳಿ, ಗುರುತು ಸಿಗಬಾರ್ದು ಅಂತ ಕೆಲವು ವಿವರ ಆಚೀಚೆ ಮಾಡಿದೀನಿ, ಗಂಡ ಹೆಂಡತಿ ಇಬ್ರನ್ನೂ ಕೇಳಿಯೇ ಬರೀತಿರೋದು. ಮಕ್ಕಳನ್ನ ಅಮ್ಮಿ, ಅಪ್ಪಿ ಅಂತ ಕರೀತೀನಿ. ಮಲ್ನಾಡಲ್ಲಿ ಮನೆಗೊಬ್ಳು ಅಮ್ಮಿ ಮನೆಗೊಬ್ಬ ಅಪ್ಪಿ ಇದ್ದೇ ಇರ್ತಾರೆ, ಹಾಗಾಗಿ ಹೇಳಿದ್ರೂ ಒಂದೇ ಬಿಟ್ರೂ ಒಂದೇ. ನಾನು ಶಿವಮೊಗ್ಗದಲ್ಲಿ ಫ್ಯಾಮಿಲಿ ಕೌನ್ಸೆಲಿಂಗ್ ಮಾಡ್ತೀನಿ, ಇಂಥ ಕೇಸು ಬೇಕಾದಷ್ಟು ನೋಡಿದೀನಿ. ಇದನ್ನೇ ಬರೆಯೋಕೆ ಕಾರಣ ಏನಂದ್ರೆ ಇದ್ರಲ್ಲಿ ಕೆಟ್ಟೋರು ಅಂತ ಯಾರೂ ಇರ್ಲಿಲ್ಲ, ಆದ್ರೂ ಒಂದು ಹನ್ನೊಂದು ವರ್ಷದ ಹುಡುಗಿಗೆ ಹದಿನೈದು ದಿನಕ್ಕೊಂದ್ಸಲ ಲೆಕ್ಕ ಇಟ್ಟ ಹಾಗೆ ಹೊಟ್ಟೆನೋವು ಬರ್ತಿತ್ತು, ಅದು ಯಾಕೆ ಅಂತ ತಿಳ್ಕೊಳ್ಳೋಕೆ ನನಗೆ ಎರಡು ತಿಂಗ್ಳು ಹಿಡೀತು.

ಇನ್ನೊಂದು. ಈ ಮನೇಲಿ ಹೊಡೆತ ಬಡಿತ ಇರ್ಲಿಲ್ಲ. ಇದ್ದಿದ್ರೆ ನಾನು ಕೂರಿಸಿ ಮಾತಾಡ್ಸೋ ಕೆಲಸಕ್ಕೇ ಹೋಗ್ತಿರ್ಲಿಲ್ಲ, ಮೊದ್ಲು ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ ಅಂತಿದ್ದೆ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇರೋದೇ ಅದಕ್ಕೆ. ಕೆಳಗೆ ಬರೆದಿರೋದನ್ನ ಅಂಥ ಮನೆಗೆ ತಗೊಂಡು ಹೋಗಿ ಹಚ್ಚಬೇಡಿ.

ಬೇರೆ ಆಗಿದ್ದು ಯಾವತ್ತು?

ಮದುವೆ ಆಗಿದ್ದು 2011ರಲ್ಲಿ. ಅವನಿಗೆ ನಾಲ್ಕೆಕ್ರೆ ಅಡಿಕೆ ತೋಟ, ಸ್ವಲ್ಪ ಗದ್ದೆ, ಮನೇಲಿ ಅಪ್ಪ ಅಮ್ಮ. ಅವಳು ಭದ್ರಾವತಿಯೋಳು, ಫ್ಯಾಕ್ಟರಿ ಕ್ವಾರ್ಟರ್ಸಲ್ಲಿ ಬೆಳೆದು ಬಿಕಾಂ ಮಾಡಿದೋಳು. ಯಾವ ಪಿಟಿಷನ್ನಲ್ಲೂ ಬರೆದಿರ್ಲಿಲ್ಲ, ಆದ್ರೆ ನನ್ನ ಪ್ರಕಾರ ಜಗಳದ ಬೇರು ಇದ್ದಿದ್ದೇ ಇಲ್ಲಿ. ಅವಳು ಬೆಳೆದ ಮನೇಲಿ ತಿಂಗ್ಳ ಮೊದಲ ವಾರ ಸಂಬಳ ಬರ್ತಿತ್ತು, ಅವಳಮ್ಮ ಅದನ್ನ ಹಾಲಿಗಿಷ್ಟು ರೇಷನ್‌ಗಿಷ್ಟು ಅಂತ ಭಾಗ ಮಾಡಿ ಬೇರೆ ಬೇರೆ ಕವರಲ್ಲಿ ಇಡ್ತಿದ್ರು. ಅವನ ಮನೇಲಿ ದುಡ್ಡು ಬರೋದು ವರ್ಷಕ್ಕೊಂದ್ಸಲ, ಕೊಯ್ಲು ಮುಗ್ದು ಸುಲಿದು ಬೇಯ್ಸಿ ಒಣಗ್ಸಿ ಮಂಡಿಗೆ ಹಾಕಿದ್ಮೇಲೆ, ಅದೂ ರೇಟು ಇನ್ನೂ ಸ್ವಲ್ಪ ಏರ್ಲಿ ಅಂತ ಕಾದ್ರೆ ಮತ್ತೂ ತಡ. ನಡುವೆ ಕೈಗೆ ಬೇಕಾದ್ರೆ ಮಂಡಿಯಿಂದ ಅಡ್ವಾನ್ಸು, ಇಲ್ಲಾಂದ್ರೆ ಸೊಸೈಟಿ ಸಾಲ. ಅವಳು "ಈ ತಿಂಗ್ಳು ಎಷ್ಟಿದೆ" ಅಂತ ಕೇಳಿದ್ರೆ ಅವನಿಗೆ ಲೆಕ್ಕ ಕೇಳಿದ ಹಾಗೆ. "ನಿಂಗೆ ಎಂಥ ಕಡ್ಮೆ ಮಾಡಿದೀನಿ" ಅಂತ ಅವನು. ಅವಳಿಗೆ ಅದು ಉತ್ತರವೇ ಅಲ್ಲ. ಹನ್ನೊಂದು ವರ್ಷ ಇದೇ ಮಾತು, ಇದೇ ಉತ್ತರ.

2020ರಲ್ಲಿ ಲಾಕ್‌ಡೌನ್ ಬಂತು, ಆನ್‌ಲೈನ್ ಕ್ಲಾಸ್ ಶುರು ಆಯ್ತು, ಮನೇಲಿ ನೆಟ್‌ವರ್ಕ್ ಇಲ್ಲ. ಆ ಮಳೆಗಾಲ ನೆನಪಿರೋರಿಗೆ ಹೇಳೋದೇ ಬೇಡ, ಮಲ್ನಾಡಿನ ಅರ್ಧ ಮಕ್ಕಳು ಗುಡ್ಡದ ಮೇಲೆ ಛತ್ರಿ ಹಿಡ್ಕೊಂಡು ಪಾಠ ಕೇಳಿದ್ವು. ಇವರೂ ಮನೆ ಹಿಂದಿನ ಗುಡ್ಡದಲ್ಲಿ ಟಾರ್ಪಾಲ್ ಕಟ್ಟಿದ್ರು. ಅಮ್ಮಿ ಮೂರನೇ ಕ್ಲಾಸು, ಇಂಬಳ (ಜಿಗಣೆ) ಹತ್ತಿದ ಕಾಲು ತೋರಿಸ್ಕೊಂಡು ಅಳೋದು, ಅಮ್ಮ ಉಪ್ಪು ಹಚ್ಚಿ ಮತ್ತೆ ಕೂರ್ಸೋದು. ಮುಂದಿನ ವರ್ಷ ಜೂನಲ್ಲಿ ವಿನೋಬನಗರದಲ್ಲಿ ಒಂದು ಬಾಡಿಗೆ ಮನೆ ಮಾಡಿದ್ರು, ಮಕ್ಕಳ ಓದಿಗೆ ಅಂತ. ನಮ್ಮ ಕಡೆ ಇದು ಹೊಸದೇನಲ್ಲ, ಗಂಡ ತೋಟದಲ್ಲಿ ಹೆಂಡತಿ ಮಕ್ಕಳು ಶಿವಮೊಗ್ಗದಲ್ಲಿ, ಶನಿವಾರ ಸಂಜೆ ತರಕಾರಿ ತೆಂಗಿನಕಾಯಿ ಹಿಡ್ಕೊಂಡು ಬರೋದು, ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ವಾಪಸ್. ಸುತ್ತಮುತ್ತ ನೂರಾರು ಮನೆ ಹೀಗೇ ನಡೀತಿದಾವೆ. ಅದಕ್ಕೇ ಇವರ ಮನೇಲಿ ಒಂದು ದಾಂಪತ್ಯ ಮುಗೀತಾ ಇದೆ ಅಂತ ಪಕ್ಕದ ಮನೆಯೋರಿಗೂ ಗೊತ್ತಾಗ್ಲಿಲ್ಲ, ಇವರಿಗೂ ಗೊತ್ತಾಗ್ಲಿಲ್ಲ ಅನ್ಸುತ್ತೆ. ಅವಳು ಒಂದು ಸಣ್ಣ ಆಫೀಸಲ್ಲಿ ಲೆಕ್ಕ ಬರೆಯೋ ಕೆಲಸ ಹಿಡಿದ್ಲು. ತಿಂಗ್ಳಿಗೆ ಹನ್ನೊಂದು ಸಾವಿರ. ಕಮ್ಮಿ ಆದ್ರೂ ತಿಂಗ್ಳು ತಿಂಗ್ಳು ಬರೋ ದುಡ್ಡು. ಅವನು ಬರೋದು ವಾರಕ್ಕೊಂದ್ಸಲ ಇದ್ದಿದ್ದು ಹದಿನೈದು ದಿನಕ್ಕೊಂದ್ಸಲ ಆಯ್ತು, ಆಮೇಲೆ 2022ರ ದೀಪಾವಳಿಗೆ ಸ್ಕೂಲ್ ಫೀಸಿನ ವಿಷಯಕ್ಕೆ ದೊಡ್ಡ ಜಗಳ, ಅವಳು ಅಣ್ಣನ ಹತ್ರ ಸಾಲ ತಂದು ಕಟ್ಟಿದ್ದು ಅವನಿಗೆ ಮರ್ಯಾದೆ ಪ್ರಶ್ನೆ ಆಯ್ತು, ಆ ರಾತ್ರಿ ಹೋದೋನು ಮತ್ತೆ ಬಂದ್ರೂ ಗೇಟಿನಿಂದ ಒಳಗೆ ಬರ್ಲಿಲ್ಲ.

ಇದನ್ನ ಇಷ್ಟುದ್ದ ಹೇಳಿದ್ದಕ್ಕೆ ಕಾರಣ ಇದೆ. ಒಪ್ಪಿಗೆ ಮೇಲೆ ಡೈವೋರ್ಸ್ ತಗೊಳ್ಳೋಕೆ ಹಿಂದೂ ವಿವಾಹ ಕಾಯ್ದೆ 1955ರ 13ಬಿ ಸೆಕ್ಷನ್ ಪ್ರಕಾರ ಒಂದು ವರ್ಷ ಬೇರೆ ವಾಸ ಇದ್ದಿರ್ಬೇಕು. ಇವರು ಬೇರೆ ಆಗಿದ್ದು ಯಾವಾಗ, ಬಾಡಿಗೆ ಮನೆ ಮಾಡಿದ 2021ರಲ್ಲಾ, ಗೇಟಲ್ಲಿ ನಿಂತ 2022ರಲ್ಲಾ? ಬೇರೆ ವಾಸ ಅಂದ್ರೆ ಬೇರೆ ಮನೆ ಅಂತ ಅಲ್ಲ, ಗಂಡ ಹೆಂಡತಿ ಥರ ಬದುಕ್ತಿಲ್ಲ ಅಂತ, ಸುಪ್ರೀಂ ಕೋರ್ಟ್ 1991ರಲ್ಲೇ ಸುರೇಷ್ಟಾ ದೇವಿ ಕೇಸಲ್ಲಿ ಹೇಳಿಬಿಟ್ಟಿದೆ. ಒಂದೇ ಸೂರಿನಡಿ ಇದ್ದೂ ಬೇರೆ ಇರಬಹುದು, ಎಪ್ಪತ್ತು ಕಿಲೋಮೀಟರ್ ದೂರ ಇದ್ದೂ ಒಟ್ಟಿಗೆ ಇರಬಹುದು. ಹಾಗಾಗಿ ದೀಪಾವಳಿ ಲೆಕ್ಕವೇ ಸರಿ ಅಂತ ಆಯ್ತು. ಅಮ್ಮಿಯನ್ನ ಕೇಳಿದ್ರೆ ಅವಳ ಲೆಕ್ಕವೇ ಬೇರೆ ಇತ್ತು, ಅದು ಆಮೇಲೆ.

ಕೋರ್ಟಿಗೆ ಮುಂಚೆ ಊರಿನ ಹಿರಿಯರು ಕೂತು ಒಂದು ಛಾಪಾ ಕಾಗದದ ಮೇಲೆ "ಇಬ್ಬರೂ ಸ್ವಇಚ್ಛೆಯಿಂದ ಬೇರೆಯಾಗಿರುತ್ತೇವೆ" ಅಂತ ಬರೆಸಿ ಸೈನ್ ಹಾಕ್ಸಿದ್ರು. ಇದನ್ನ ತಂದು ಟೇಬಲ್ ಮೇಲಿಟ್ಟು "ಡೈವೋರ್ಸ್ ಆಗಿದೆ ಮೇಡಂ, ಮಕ್ಕಳ ವಿಷಯ ಒಂದೇ ಬಾಕಿ" ಅಂದಿದ್ದು ಅವನ ಚಿಕ್ಕಪ್ಪ. ಇಲ್ಲ ಮಾರಾಯ್ರೆ, ಆಗಿಲ್ಲ. ನಿಮ್ಮ ಸಮುದಾಯದಲ್ಲಿ ಅಂಥ ರೂಢಿ ತಲೆತಲಾಂತರದಿಂದ ಇದೆ ಅಂತ ಕೋರ್ಟಲ್ಲಿ ಸಾಬೀತು ಮಾಡಿದ್ರೆ ಮಾತ್ರ ಅದಕ್ಕೆ ಬೆಲೆ, ಇಲ್ಲಾಂದ್ರೆ ಅದು ಬರೀ ಕಾಗದ, ಅದನ್ನ ನಂಬಿ ಇನ್ನೊಂದು ಮದುವೆ ಆದೋರು ಆಮೇಲೆ ಎಂಥ ಪಜೀತಿ ಪಟ್ಟಿದಾರೆ ಅಂತ ನಾನು ಕಣ್ಣಾರೆ ಕಂಡಿದೀನಿ.

ಮುಂದಿನದು ಎಲ್ಲರ ಮನೇಲೂ ಆಗೋ ಹಾಗೇ. 2023ರ ಶುರುವಲ್ಲಿ ಇವಳು ಕ್ರೌರ್ಯ ಅಂತ ಡೈವೋರ್ಸ್ ಹಾಕಿದ್ಲು, ಅವನು ಹೆಂಡತಿ ವಾಪಸ್ ಬರಬೇಕು ಅಂತ ಸೆಕ್ಷನ್ 9ರಲ್ಲಿ ಹಾಕ್ದ. ಎರಡೂ ಅರ್ಜಿ ಓದಿದ್ರೆ ಆ ಇಬ್ರು ಯಾರೋ ಬೇರೆ ಅನ್ನಿಸ್ಬೇಕು. ಜೂನಲ್ಲಿ ಮಧ್ಯಂತರ ಆದೇಶ ಆಯ್ತು, ಮಕ್ಕಳು ತಾಯಿ ಹತ್ರ, ತಂದೆಗೆ ಪ್ರತಿ ತಿಂಗ್ಳ ಎರಡನೇ ಮತ್ತೆ ನಾಲ್ಕನೇ ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಭೇಟಿ.

ಕೊಯ್ಲಲ್ಲಿರೋ ಅಪ್ಪಯ್ಯ

ಮಕ್ಕಳ ವಿಷಯ ನನ್ನವರೆಗೆ ಬಂದಿದ್ದು ಅಪ್ಪಿಯ ಟೀಚರಿಂದ. ಅಪ್ಪಿಗೆ ಏಳು ವರ್ಷ, ಎರಡನೇ ಕ್ಲಾಸು. ಯಾವ ಮೀಟಿಂಗಿಗೂ ಅಪ್ಪ ಬರಲ್ಲ, ಕೇಳಿದ್ರೆ "ಅಪ್ಪಯ್ಯ ಕೊಯ್ಲಲ್ಲಿದಾರೆ" ಅಂತಾನೆ. ಟೀಚರು ಸಾಗರದ ಕಡೆಯೋರು, ಅವರ ಮನೇಲೂ ಅಡಿಕೆ ಇದೆ. ಜುಲೈ ತಿಂಗ್ಳಲ್ಲಿ ಯಾವ ಕೊಯ್ಲು ಮಾರಾಯ ಅಂತ ಅವರಿಗೆ ಅನುಮಾನ ಬಂತು. ಬೇರೆ ಊರಿನ ಟೀಚರ್ ಆಗಿದ್ರೆ ಅದು ಹಾಗೇ ನಡ್ಕೊಂಡು ಹೋಗ್ತಿತ್ತೇನೋ. ಈ ಹುಡುಗ ವರ್ಷಪೂರ್ತಿ ಅಪ್ಪನ್ನ ಕೊಯ್ಲಲ್ಲೇ ಇಟ್ಟಿದ್ದ. ಕೊಯ್ಲು ಅಂದ್ರೆ ಮುಗೀಲೇಬೇಕು, ಮುಗಿದ ಮೇಲೆ ಅಪ್ಪ ಬರಲೇಬೇಕು ಅನ್ನೋ ಲೆಕ್ಕ ಇರಬಹುದು, ನಾನು ಅವನನ್ನ ಕೇಳೋಕೆ ಹೋಗ್ಲಿಲ್ಲ. ರಾತ್ರಿ ಹಾಸಿಗೇಲಿ ಉಚ್ಚೆ ಮಾಡ್ಕೊಳ್ಳೋದು ನಿಂತು ಮೂರು ವರ್ಷ ಆಗಿದ್ದು ಮತ್ತೆ ಶುರು ಆಗಿತ್ತು. ಅಮ್ಮ ಅದಕ್ಕೆ ಬೈದಿರ್ಲಿಲ್ಲ, ಅದೊಂದು ಪುಣ್ಯ.

ಅಮ್ಮಿದು ಬೇರೆ ಥರ. ಅವಳು ಚೆನ್ನಾಗೇ ಇದ್ಲು, ಅದೇ ಸಮಸ್ಯೆ. ಆರನೇ ಕ್ಲಾಸು, ಮಾರ್ಕ್ಸ್ ಬಿದ್ದಿಲ್ಲ, ತಮ್ಮನ್ನ ಸ್ನಾನ ಮಾಡ್ಸಿ ತಲೆ ಬಾಚ್ತಾಳೆ, ಅಮ್ಮನ ಮುಖ ನೋಡಿ ಇವತ್ತು ಮಾತಾಡಬಹುದಾ ಬೇಡ್ವಾ ಅಂತ ಹೇಳ್ತಾಳೆ. ನೆಂಟರು "ಎಷ್ಟು ಜವಾಬ್ದಾರಿ ಹುಡುಗಿ" ಅಂತ ಹೊಗಳ್ತಾರೆ. ನನಗೆ ಇಂಥ ಮಕ್ಕಳನ್ನ ಕಂಡ್ರೆ ಭಯ. ಅಳೋ ಮಗು ಏನು ಬೇಕು ಅಂತ ಹೇಳುತ್ತೆ, ಇವು ಹೇಳಲ್ಲ.

ಹೊಟ್ಟೆನೋವಿಗೆ ಡಾಕ್ಟರ್ ಹತ್ರ ಮೂರು ಸಲ ಹೋಗಿದ್ರು. ಸ್ಕ್ಯಾನಿಂಗ್ ಆಗಿತ್ತು, ಏನೂ ಇಲ್ಲ, ಜಂತುಹುಳದ ಮಾತ್ರೆ, ಗ್ಯಾಸಿನ ಟಾನಿಕ್ಕು. ಸೆಪ್ಟೆಂಬರಲ್ಲಿ ಅವರ ಮನೆಗೆ ಹೋಗಿದ್ದೆ. ಅಡುಗೆ ಮನೆ ಬಾಗಿಲ ಪಕ್ಕ ಒಂದು ಕ್ಯಾಲೆಂಡರ್ ನೇತಾಡ್ತಿತ್ತು, ಅಡಿಕೆ ಮಂಡಿಯೋರು ವರ್ಷಾ ವರ್ಷಾ ಕೊಡ್ತಾರಲ್ಲ ಅದು, ಮೇಲೆ ಲಕ್ಷ್ಮೀ ಫೋಟೋ, ಕೆಳಗೆ ದೊಡ್ಡ ದೊಡ್ಡ ಅಂಕಿ. ಅಮ್ಮ ಅದರಲ್ಲಿ ಹಾಲಿನ ಲೆಕ್ಕ ಬರೀತಿದ್ಲು, ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ಅಪ್ಪಿಗೆ ಜ್ವರ ಬಂದಿದ್ದು, ಅಮ್ಮಿಗೆ ಹೊಟ್ಟೆನೋವು ಅಂತ ಸ್ಕೂಲ್ ರಜೆ ಹಾಕಿದ್ದು ಎಲ್ಲಾ ಅಲ್ಲೇ. ಚಹಾ ಕುಡೀತಾ ಸುಮ್ನೆ ಹಾಳೆ ಹಿಂದಕ್ಕೆ ಮಗುಚಿದೆ. ಜುಲೈ 8, ಹೊ.ನೋ. ಜುಲೈ 22, ಹೊ.ನೋ. ಆಗಸ್ಟ್ 12. ಆಗಸ್ಟ್ 26. ಸೆಪ್ಟೆಂಬರ್ 9. ಎಲ್ಲಾ ಶನಿವಾರ, ಎಲ್ಲಾ ಭೇಟಿಯ ಹಿಂದಿನ ದಿನ. ಎರಡು ತಿಂಗ್ಳಿಂದ ಅದು ಗೋಡೆ ಮೇಲೇ ಇತ್ತು, ಅವಳ ಕೈಬರಹದಲ್ಲೇ.

ಅವಳೂ ನೋಡಿದ್ಲು. ತಕ್ಷಣ ಅವಳ ಬಾಯಲ್ಲಿ ಬಂದಿದ್ದು "ನೋಡಿ ಮೇಡಂ, ಅವಳಿಗೆ ಅವನ್ನ ಕಂಡ್ರೆ ಹೆದ್ರಿಕೆ". ವಕೀಲರಿಗೆ ಹೇಳಿ ಭೇಟಿ ನಿಲ್ಲಿಸೋ ಅರ್ಜಿ ಹಾಕ್ತೀನಿ ಅಂತ ಹೊರಟ್ಲು. ಒಂದು ವಾರ ತಡೀರಿ ಅಂತ ಕೈ ಮುಗಿದೆ.

ಹೆದರಿಕೆ ಅಲ್ಲ ಅದು. ಅಮ್ಮಿ ಜೊತೆ ಒಬ್ಳೇ ಕೂತು ಮಾತಾಡೋಕೆ ಮೂರು ಸಿಟ್ಟಿಂಗ್ ಬೇಕಾಯ್ತು, ಮೊದಲೆರಡರಲ್ಲಿ ಚಿತ್ರ ಬರೆದ್ಲು ಅಷ್ಟೇ. ಮೂರನೇ ದಿನ ಹೋಗೋಕೆ ಎದ್ದೋಳು ಬಾಗಿಲಲ್ಲಿ ನಿಂತು ಕೇಳಿದ್ಲು: "ಆಂಟಿ, ನಾನು ಭಾನುವಾರ ಹೋಗ್ದಿದ್ರೆ ಅಪ್ಪಯ್ಯನ ಮೇಲೆ ಕೇಸ್ ಆಗುತ್ತಾ, ಅಮ್ಮನ ಮೇಲೆ ಆಗುತ್ತಾ?"

ಆಮೇಲೆ ಒಂದೊಂದೇ ಬಂತು. ಶನಿವಾರ ಸಂಜೆ ಅಮ್ಮ ತಲೆಗೆ ಎಣ್ಣೆ ಹಚ್ತಾ ಹೇಳ್ತಾಳೆ, ನಾಳೆ ಅಪ್ಪಯ್ಯ ಬಂದಾಗ ಎರಡನೇ ಟರ್ಮ್ ಫೀಸು ಬಾಕಿ ಇದೆ ಅಂತ ನೀನೇ ಹೇಳು, ನಾನು ಹೇಳಿದ್ರೆ ಜಗಳ ಆಗುತ್ತೆ. ಭಾನುವಾರ ಅಪ್ಪಯ್ಯ ದೋಸೆ ಕೊಡಿಸಿ ಸ್ವಲ್ಪ ಹೊತ್ತಾದ ಮೇಲೆ ಕೇಳ್ತಾರೆ, ಅಮ್ಮಂಗೆ ರಾತ್ರಿ ಯಾರ್ದಾದ್ರೂ ಫೋನ್ ಬರುತ್ತಾ. ವಾಪಸ್ ಬಂದ್ರೆ ಅಮ್ಮ, ಏನಂದ್ರು? ಅಮ್ಮಿ ಎರಡೂ ಕಡೆ ಮಾತನ್ನ ಸ್ವಲ್ಪ ಸ್ವಲ್ಪ ತಿದ್ದಿ ಹೇಳ್ತಿದ್ಲು, ಬೈದಿದ್ದನ್ನ ಬಿಟ್ಟು, ಇಲ್ಲದ ಒಳ್ಳೇ ಮಾತು ಒಂದೆರಡು ಸೇರ್ಸಿ. "ಅಡಿಕೆ ಮಾರಿದ್ಮೇಲೆ ಕೊಡ್ತಾರಂತೆ" ಅಂತ ಅವಳೇ ಹುಟ್ಟಿಸಿದ ಮಾತು. ಅದನ್ನ ನಂಬಿ ಅಮ್ಮ ಕಾದ್ಲು, ದುಡ್ಡು ಬರ್ಲಿಲ್ಲ, ಅವನು "ನಾನು ಹಾಗೆ ಹೇಳೇ ಇಲ್ಲ" ಅಂದ, ಅದು ಕೋರ್ಟಲ್ಲಿ ಮಾತು ತಪ್ಪಿದ ಅಂತ ಮೆಮೋ ಆಯ್ತು. ಹನ್ನೊಂದು ವರ್ಷದ ಹುಡುಗಿ ಹೊಟ್ಟೆಯೊಳಗೆ ಇದಿಷ್ಟೂ ಇಟ್ಕೊಂಡಿದ್ಲು.

ಡಬ್ಬಿದೂ ಒಂದು ಕಥೆ ಇತ್ತು. ಅಜ್ಜಿ ಪ್ರತಿ ಸಲ ಒಂದು ಸ್ಟೀಲ್ ಡಬ್ಬೀಲಿ ಏನಾದ್ರೂ ಕಳಿಸ್ತಿದ್ರು, ಕಡುಬು, ಹಲಸಿನ ಹಪ್ಪಳ, ಒಂದ್ಸಲ ಕಳಲೆ ಪಲ್ಯ. ಮೊದಲ ಸಲ ಮಕ್ಕಳ ಅಮ್ಮ ಡಬ್ಬಿ ತೊಳೆದು ಖಾಲಿ ವಾಪಸ್ ಕಳ್ಸಿದ್ಲು. ಖಾಲಿ ಪಾತ್ರೆ ವಾಪಸ್ ಕೊಡಬಾರ್ದು ಅಂತ ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು, ಏನಿಲ್ಲಾಂದ್ರೂ ಒಂದು ಚಮಚ ಸಕ್ಕರೆ ಹಾಕ್ತಾರೆ. ಅಜ್ಜಿ ಅದನ್ನ ಮನಸ್ಸಿಗೆ ಹಚ್ಕೊಂಡ್ರು, "ಖಾಲಿ ಡಬ್ಬಿ ಕಳ್ಸಿದ್ಲು ಅಂದ್ರೆ ಸಂಬಂಧ ಮುಗೀತು ಅಂತ್ಲೇ ಅಲ್ದಾ" ಅಂತ ಮೊಮ್ಮಗಳ ಎದ್ರಿಗೇ ಅತ್ರು. ಇವಳನ್ನ ಕೇಳಿದ್ರೆ "ನನಗೆ ಆ ಹೊತ್ತಿಗೆ ತಲೇಲಿ ಏನೂ ಇರ್ಲಿಲ್ಲ ಮೇಡಂ, ಆಫೀಸಿಗೆ ಲೇಟಾಗಿತ್ತು" ಅಂತ. ಆಮೇಲೆ ಅಮ್ಮಿ ಅಡುಗೆ ಮನೆಯಿಂದ ಗುಟ್ಟಾಗಿ ಸಕ್ಕರೆ ತಗೊಂಡು ಡಬ್ಬಿಗೆ ಹಾಕಿ ಒಯ್ತಿದ್ಲು, ಅಮ್ಮ ಕಳ್ಸಿದ್ದು ಅಂತ.

ಅವಳ ಪ್ರಕಾರ ಅಪ್ಪ ಅಮ್ಮ ಬೇರೆ ಆಗಿದ್ದು ಆ ಖಾಲಿ ಡಬ್ಬಿ ಹೋದ ದಿನ.

ಪಾರ್ಕು, ಮತ್ತೆ ನನ್ನ ತಪ್ಪು

ಭೇಟಿ ಎಲ್ಲಿ ಆಗ್ತಿತ್ತು ಅಂತ ಹೇಳ್ಲಿಲ್ಲ ಅಲ್ವಾ, ಗಾಂಧಿ ಪಾರ್ಕಲ್ಲಿ. ಅದು ನಾನೇ ಸೂಚಿಸಿದ್ದು. ಮೊದಲೆರಡು ಭೇಟಿ ಅವಳ ಮನೆ ಗೇಟಲ್ಲಾಗಿ ಗಲಾಟೆ ಆಗಿದ್ದಕ್ಕೆ, ಯಾರಿಗೂ ಸೇರದ ಜಾಗ ಇರ್ಲಿ ಅಂತ ಫೋನಲ್ಲೇ ಹೇಳಿದ್ದೆ, ಆಗಿನ್ನೂ ಮಕ್ಕಳನ್ನ ನೋಡಿರ್ಲಿಲ್ಲ. ಪುಸ್ತಕದಲ್ಲಿ ಹಾಗೇ ಇರುತ್ತೆ. ಆದ್ರೆ ಇವನು ಎಂಥ ಅಪ್ಪ ಅಂದ್ರೆ, ಕೂತು ಮಾತಾಡೋ ಅಪ್ಪ ಅಲ್ಲ. ತೋಟಕ್ಕೆ ಹೋಗ್ತಾ ಹಿಂದೆ ಮಕ್ಕಳು, ದಾರೀಲಿ ಇದು ಯಾವ ಹಕ್ಕಿ ಗೂಡು, ಇದು ಕಾಡುಹಂದಿ ಅಗೆದಿದ್ದು, ಆ ಕಾಲುವೇಲಿ ಏಡಿ ಇದೆ ಕೈ ಹಾಕಬೇಡ. ಅಡಿಕೆ ಹಾಳೆ ಮೇಲೆ ಅಪ್ಪಿನ ಕೂರ್ಸಿ ಅಂಗಳ ಪೂರ್ತಿ ಎಳೆಯೋದು. ಅಂಥೋನನ್ನ ತಂದು ಪಾರ್ಕಿನ ಸಿಮೆಂಟ್ ಬೆಂಚಲ್ಲಿ ಇಸ್ತ್ರಿ ಶರ್ಟ್ ಹಾಕಿ ಕೂರ್ಸಿದ್ರೆ ಏನು ಮಾಡ್ತಾನೆ? "ಓದ್ತಾ ಇದೀರಾ?" "ಹೂಂ." ಐಸ್‌ಕ್ರೀಮು. ಮತ್ತೆ ಮೊಬೈಲು. ಆ ಆರು ಗಂಟೆ ಮೂರೂ ಜನಕ್ಕೆ ಶಿಕ್ಷೆ. ಒಂದ್ಸಲ ದೂರದಿಂದ ನೋಡಿದೆ, ಮೂರೂ ಜನ ಬೆಂಚಲ್ಲಿ ಸಾಲಾಗಿ ಬಸ್ಸಿಗೆ ಕಾಯೋರ ಥರ ಕೂತಿದ್ರು.

ತಾರೀಕಿನ ಗೋಳು ಬೇರೆ. ಜುಲೈ 23ಕ್ಕೆ ಬರೋಕಾಗ್ಲಿಲ್ಲ, ಮಳೆ, ದಾರಿಗೆ ಮರ ಬಿದ್ದು ಬಸ್ಸು ನಿಂತಿತ್ತು. ಆಗಸ್ಟ್ 13ಕ್ಕೆ ಆಗ್ಲಿಲ್ಲ, ಯಾಕಂದ್ರೆ ಮಳೆ ಬಿಟ್ಟಿತ್ತು. ಪಟ್ಟಣದೋರಿಗೆ ಇದು ನೆಪದ ಹಾಗೆ ಕೇಳುತ್ತೆ. ಕೊಳೆರೋಗಕ್ಕೆ ಔಷಧಿ ಹೊಡೆಯೋದು ಮಳೆ ಬಿಡುವು ಕೊಟ್ಟಾಗ ಮಾತ್ರ ಸಾಧ್ಯ, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು ಒಂದು ಕೆಜಿ ಸುಣ್ಣ ಕಲಸಿ, ಮರ ಹತ್ತೋನು ಬಂದ ದಿನವೇ ಹೊಡೀಬೇಕು, ಅವನು ಸಿಗೋದು ದೇವರು ಸಿಕ್ಕ ಹಾಗೆ, ಬಂದಾಗ ಇವತ್ತು ಎರಡನೇ ಭಾನುವಾರ ನಾಳೆ ಬಾ ಅಂದ್ರೆ ಆ ವರ್ಷದ ಫಸಲೇ ಕೈ ಬಿಡಬಹುದು. ಆದ್ರೆ ಅವಳ ಕಡೆ ಫೈಲಲ್ಲಿ ಏನು ದಾಖಲಾಗೋದು? 23.7.2023, ತಂದೆ ಬರಲಿಲ್ಲ. 13.8.2023, ತಂದೆ ಬರಲಿಲ್ಲ. ಸುಳ್ಳಲ್ಲ. ಅಪ್ಪಿ ಎರಡೂ ದಿನ ಶೂ ಹಾಕ್ಕೊಂಡು ಹತ್ತರಿಂದ ಒಂದರವರೆಗೆ ಮೆಟ್ಲ ಮೇಲೆ ಕೂತಿದ್ದೂ ಸುಳ್ಳಲ್ಲ.

ಅಕ್ಟೋಬರಲ್ಲಿ ಇನ್ನೊಂದಾಯ್ತು. ಭೂಮಿ ಹುಣ್ಣಿಮೆ ಆ ವರ್ಷ 28ನೇ ತಾರೀಕು ಶನಿವಾರ. ಅಮ್ಮಿಗೆ ಎಲ್ಲಾ ಹಬ್ಬಕ್ಕಿಂತ ಅದು ಹೆಚ್ಚು, ರಾತ್ರಿ ಪೂರ್ತಿ ಅಜ್ಜಿ ಜೊತೆ ಅಡುಗೆ ಮನೇಲಿ ಎದ್ದಿದ್ದು ಬೆಳಗಿನ ಜಾವ ಬುಟ್ಟಿ ಹೊತ್ಕೊಂಡು ಗದ್ದೆಗೆ ಹೋಗೋದು, ಸೊಪ್ಪು ಬೇಯ್ಸಿ ಮಾಡಿದ ಹಚ್ಚಂಬಲಿ ಚೆಲ್ತಾ ಕತ್ತಲಲ್ಲಿ ಕೂಗೋದು, ಬಸುರಿ ಭೂಮಿಗೆ ಬಯಕೆ ಊಟ ಬಡಿಸೋದು. ಹೋಗ್ಬೇಕು ಅಂದ್ಲು. ಆದೇಶದಲ್ಲಿ ಶನಿವಾರ ಇಲ್ಲ. ಮಾರನೇ ದಿನ ಭಾನುವಾರ ಹೌದು, ಆದ್ರೆ ಅದು ಐದನೇ ಭಾನುವಾರ, ಎರಡನೇದೂ ಅಲ್ಲ ನಾಲ್ಕನೇದೂ ಅಲ್ಲ. ತೋಟಕ್ಕೆ ಕಳಿಸಿದ್ರೆ ವಾಪಸ್ ಕಳಿಸ್ದೇ ಇದ್ರೆ ಅಂತ ಅಮ್ಮಂಗೆ ಭಯ, ಆ ಭಯ ಪೊಳ್ಳು ಅಂತ ನಾನು ಹೇಳಲ್ಲ, ಹಾಗೆ ಮಾಡೋರು ಇದಾರೆ. ಕಳಿಸ್ಲಿಲ್ಲ. ಆ ರಾತ್ರಿ ಚಂದ್ರಗ್ರಹಣ ಬೇರೆ ಇತ್ತು, ಅಮ್ಮಿ ಟೆರೇಸಲ್ಲಿ ಕೂತಿದ್ದು ಕೆಳಗೆ ಬರೋಕೇ ಒಪ್ಲಿಲ್ವಂತೆ.

ಆಗ ನನಗೆ ತಲೆಗೆ ಹೋಗಿದ್ದು ಇಷ್ಟು. ಈ ಮಕ್ಕಳು ಕಳ್ಕೊಂಡಿದ್ದು ಅಪ್ಪನ್ನ ಮಾತ್ರ ಅಲ್ಲ, ಅಪ್ಪ ಹದಿನೈದು ದಿನಕ್ಕೊಂದ್ಸಲ ಸಿಕ್ತಿದಾನೆ. ಕಳ್ಕೊಂಡಿದ್ದು ತೋಟ, ಅಜ್ಜಿ, ನಾಯಿ, ಹುಣ್ಣಿಮೆ, ಕೊಯ್ಲಿನ ರಾತ್ರಿ ಜಗಲೀಲಿ ಅಡಿಕೆ ಸುಲಿಯೋರ ಕಥೆ ಕೇಳ್ತಾ ನಿದ್ದೆ ಹೋಗೋದು. ಕೋರ್ಟಿನ ಆದೇಶದಲ್ಲಿ ಬರೋದು ತಾಯಿ ಮತ್ತೆ ತಂದೆ, ಅಷ್ಟೇ. 2015ರಲ್ಲಿ ಕಾನೂನು ಆಯೋಗ ತನ್ನ 257ನೇ ವರದೀಲಿ ಜಂಟಿ ಪಾಲನೆ ಬಗ್ಗೆ ಹೇಳ್ತಾ ಅಜ್ಜ ಅ‌ಜ್ಜಿಗೂ ಮಕ್ಕಳ ಜೊತೆ ಸಮಯ ಬೇಕು ಅನ್ನೋದನ್ನ ಎತ್ತಿದೆ. ಆದ್ರೆ ನಾನು ನೋಡಿರೋ ಫೈಲುಗಳಲ್ಲಿ ಅಜ್ಜಿ ಅಂತ ಒಂದು ಪದ ಹುಡುಕಿದ್ರೂ ಸಿಗಲ್ಲ.

ವಕೀಲರೊಬ್ರು ನನಗೆ "ಡೈವೋರ್ಸ್ ಆದ್ರೆ ಮಕ್ಕಳು ಹಾಳಾಗ್ತಾರೆ, ಇವ್ರನ್ನ ಹೇಗಾದ್ರೂ ಒಂದು ಮಾಡಿ" ಅಂದಿದ್ರು. 1991ರಲ್ಲಿ ಅಮೆರಿಕದ ಪಾಲ್ ಅಮಾಟೊ, ಬ್ರೂಸ್ ಕೀತ್ ಅಂತ ಇಬ್ರು 92 ಅಧ್ಯಯನ ಒಟ್ಟು ಹಾಕಿ ನೋಡಿದ್ರು, ಡೈವೋರ್ಸ್ ಆದ ಮನೆ ಮಕ್ಕಳು ಸರಾಸರೀಲಿ ಸ್ವಲ್ಪ ಹಿಂದೆ ಇದ್ದಿದ್ದು ನಿಜ, ಆದ್ರೆ ವ್ಯತ್ಯಾಸ ಸಣ್ಣದು, ಅದರಲ್ಲಿ ಅಪ್ಪ ಅಮ್ಮನ ಜಗಳದ ಪಾಲು ದೊಡ್ಡದು. ಅಮೆರಿಕದ ಲೆಕ್ಕ ನಮ್ಮ ಮಲ್ನಾಡಿಗೆ ಹಾಗೇ ಕೂರುತ್ತೆ ಅಂತ ನಾನು ಹೇಳಲ್ಲ, ಆದ್ರೆ ಇವರಿಬ್ರನ್ನ ಒಂದೇ ಮನೇಲಿ ಕೂಡಿ ಹಾಕಿದ್ರೆ ಅಮ್ಮಿ ಹೊಟ್ಟೆನೋವು ದಿನಾ ಬರ್ತಿತ್ತು ಅಂತ ಮಾತ್ರ ಗ್ಯಾರಂಟಿ ಹೇಳಬಲ್ಲೆ.

ಅಡಿಕೆ ಕ್ಯಾಲೆಂಡರ್

ನವೆಂಬರಲ್ಲಿ ಇಬ್ರನ್ನೂ ಒಂದೇ ರೂಮಲ್ಲಿ ಕೂರ್ಸಿದೆ. ಮಂಡಿ ಕ್ಯಾಲೆಂಡರ್ ಗೋಡೆಯಿಂದ ಬಿಚ್ಚಿ ತರೋಕೆ ಹೇಳಿದ್ದೆ. ಅವನಿಗೆ ತೋರ್ಸಿದೆ, ಹೊ.ನೋ., ಹೊ.ನೋ., ಹೊ.ನೋ. ಬಹಳ ಹೊತ್ತು ನೋಡ್ದ. "ನಾನು ಅಂಥದ್ದೇನೂ ಮಾಡ್ಲಿಲ್ಲ ಮೇಡಂ" ಅಂದ. ಮಾಡಿಲ್ಲ, ಕೇಳಿದೀರಿ, ಇವರು ಹೇಳ್ಸಿದಾರೆ ಅಂದೆ. ಅಮ್ಮಿ ಹೇಳಿದ್ದನ್ನ ಅವಳ ಒಪ್ಪಿಗೆ ತಗೊಂಡು ಎಷ್ಟು ಬೇಕೋ ಅಷ್ಟೇ ಹೇಳಿದೆ, ಸಕ್ಕರೆ ವಿಷಯ ಹೇಳೋ ಹೊತ್ತಿಗೆ ಇವಳು ಎದ್ದು ಹೊರಗೆ ಹೋದ್ಲು. ಅವನು ಅಲ್ಲೇ ಕೂತು ಕ್ಯಾಲೆಂಡರಿನ ತುದಿ ಮಡಚ್ತಾ ಬಿಡಿಸ್ತಾ ಇದ್ದ.

ಆವತ್ತು ಎಲ್ಲಾ ಸರಿ ಹೋಯ್ತು ಅಂತ ಅಂದ್ಕೊಬೇಡಿ, ಮುಂದಿನ ಮೂರು ಸಿಟ್ಟಿಂಗು ಬರೀ ದುಡ್ಡಿನ ಜಗಳ. 2020ರಲ್ಲಿ ಸುಪ್ರೀಂ ಕೋರ್ಟಲ್ಲಿ ರಜನೇಶ್ ಮತ್ತು ನೇಹಾ ಕೇಸ್ ಆದ್ಮೇಲೆ ಜೀವನಾಂಶದ ಕೇಸಲ್ಲಿ ಇಬ್ರೂ ಆಸ್ತಿ ಆದಾಯದ ಅಫಿಡವಿಟ್ ಹಾಕ್ಬೇಕು. ಅವನು ಹಾಕಿದ್ರಲ್ಲಿ ಹೆಚ್ಚುಕಮ್ಮಿ ಏನೂ ಇಲ್ಲ, ಪಹಣಿ ಅವನಪ್ಪನ ಹೆಸರಲ್ಲಿ, ಕೃಷಿ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ ಹಾಗಾಗಿ ರಿಟರ್ನ್ಸೂ ಇಲ್ಲ, ಮಂಡಿ ಖಾತೆ ಕೂಡ ಅಪ್ಪಂದೇ. ಅವಳಿಗೆ ಸಿಟ್ಟು ಬಂದಿದ್ದು ನ್ಯಾಯವೇ. ಒಂದು ವಿಷಯ ಅವಳಿಗೂ ಗೊತ್ತಿರ್ಲಿಲ್ಲ, ಡೈವೋರ್ಸಿಂದ ಹೆಂಡತಿ ಸಂಬಂಧ ಮುಗಿಯುತ್ತೆ, ಮಕ್ಕಳದ್ದು ಮುಗಿಯಲ್ಲ, ಪಿತ್ರಾರ್ಜಿತ ಆಸ್ತೀಲಿ ಅಮ್ಮಿಗೂ ಅಪ್ಪಿಗೂ ಸಮಪಾಲು ಹಕ್ಕು ಇದ್ದೇ ಇದೆ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ್ಮೇಲೆ ಹೆಣ್ಣು ಗಂಡು ಭೇದ ಇಲ್ಲ. ಇದನ್ನ ಕೇಳಿದ್ಮೇಲೆ ಅವಳ ಅರ್ಧ ಆತಂಕ ಇಳೀತು.

ಕೊನೆಗೆ ಒಪ್ಪಿದ್ದು ಹೀಗೆ. ತಿಂಗ್ಳಿಗೆ ಆರು ಸಾವಿರ ಮಕ್ಕಳ ಖರ್ಚಿಗೆ, ಅವನು ಎಲ್ಲಿಂದಾದ್ರೂ ತರಲಿ. ಸ್ಕೂಲ್ ಫೀಸು ಪೂರ್ತಿ ಅವನ ಜವಾಬ್ದಾರಿ, ಆದ್ರೆ ವರ್ಷಕ್ಕೆ ಎರಡು ಕಂತು, ಮಂಡಿಗೆ ಅಡಿಕೆ ಹಾಕಿದ್ಮೇಲೆ ನೇರ ಸ್ಕೂಲಿನ ಖಾತೆಗೆ. ಅವಳಿಗೆ ತಿಂಗ್ಳ ಲೆಕ್ಕ, ಅವನಿಗೆ ವರ್ಷದ ಲೆಕ್ಕ, ಹನ್ನೊಂದು ವರ್ಷ ಒಟ್ಟಿಗೆ ಇದ್ದಾಗ ಆಗದಿದ್ದ ಹೊಂದಾಣಿಕೆ ಬೇರೆ ಆಗೋ ಕಾಗದದಲ್ಲಿ ಆಯ್ತು. ನಗಬೇಕೋ ಅಳಬೇಕೋ.

ಭೇಟಿಗೆ ಎರಡನೇ ನಾಲ್ಕನೇ ಭಾನುವಾರ ತೆಗೆದು ಹಾಕಿದ್ವಿ. ಮಳೆಗಾಲದಲ್ಲಿ ತಿಂಗ್ಳಿಗೆ ಯಾವುದಾದ್ರೂ ಎರಡು ದಿನ, ಹಿಂದಿನ ದಿನ ರಾತ್ರಿಯೊಳಗೆ ಅವಳಿಗೆ ಮೆಸೇಜ್ ಹಾಕಬೇಕು, ಹಾಕಿದ್ರೆ ಬರಲೇಬೇಕು. ಕೊಯ್ಲು ಶುರುವಾಗಿ ಸುಗ್ಗಿ ಮುಗಿಯೋವರೆಗೆ ಅವನು ಬರೋದಲ್ಲ, ಮಕ್ಕಳು ತೋಟಕ್ಕೆ ಹೋಗೋದು, ತಿಂಗ್ಳಿಗೆ ಎರಡು ಸಲ ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆ. ಭೂಮಿ ಹುಣ್ಣಿಮೆ ಯಾವ ವಾರ ಬಂದ್ರೂ ಅಜ್ಜಿ ಮನೇಲಿ. ನಾನು ದೀಪಾವಳಿ ಒಂದು ವರ್ಷ ಇವರಿಗೆ ಒಂದು ವರ್ಷ ಅವರಿಗೆ ಅಂತ ಪಾಲು ಮಾಡೋಕೆ ಹೋದಾಗ ಅಮ್ಮಿಯೇ "ದೀಪಾವಳಿ ಅಮ್ಮಂಗೇ ಇರ್ಲಿ, ಹುಣ್ಣಿಮೆ ನಂಗೆ ಬೇಕು" ಅಂತ ಹೇಳಿ ಕಳ್ಸಿದ್ಲು. ಬೇಸಿಗೆ ರಜೇಲಿ ಇಪ್ಪತ್ತು ದಿನ ತೋಟ. ವಾಪಸ್ ಕಳಿಸ್ತೀನಿ ಅಂತ ಅವನು ಕೋರ್ಟಿಗೆ ಮುಚ್ಚಳಿಕೆ ಬರ್ಕೊಟ್ಟ. ಮತ್ತೆ ಮಕ್ಕಳ ಕೈಲಿ ಡಬ್ಬಿ ಬಿಟ್ಟು ಬೇರೆ ಏನೂ ಕಳಿಸಬಾರ್ದು, ಮಾತು ಸೇರಿ. ಈ ಸಾಲನ್ನ ಕಾಗದದಲ್ಲಿ ಹಾಕೋಕೆ ವಕೀಲರು ಒಪ್ಲಿಲ್ಲ, "ಇದೆಲ್ಲಾ ಡ್ರಾಫ್ಟಿಗೆ ಬರಲ್ಲ ಮೇಡಂ" ಅಂತ. ಸರಿ ಬಿಡಿ ಅಂತ ಬಾಯಲ್ಲೇ ಒಪ್ಪಿಸ್ಕೊಂಡೆ.

2024ರ ಫೆಬ್ರವರೀಲಿ 13ಬಿ ಅರ್ಜಿ ಹಾಕಿದ್ರು. ಆಮೇಲೆ ಆರು ತಿಂಗ್ಳು ಕಾಯಬೇಕು, 2017ರಿಂದ ಕೆಲವು ಸಂದರ್ಭದಲ್ಲಿ ಕೋರ್ಟು ಅದನ್ನ ಮನ್ನಾ ಮಾಡಬಹುದು, ಆದ್ರೆ ಇವರ ಲೆಕ್ಕಕ್ಕೆ ಅದು ಕೂರ್ತಿರ್ಲಿಲ್ಲ, ನಾನಂತೂ ಕೇಳೋದೂ ಬೇಡ ಅಂದೆ. ಆ ಆರು ತಿಂಗ್ಳು ಈ ಕ್ಯಾಲೆಂಡರ್ ತಾಲೀಮು ಆಯ್ತು. ಮೊದಲ ಶನಿವಾರ ಅಮ್ಮ ಮಕ್ಕಳನ್ನ ಬಸ್ಸಿಗೆ ಹತ್ತಿಸಿ, ಬಸ್ಸು ಮಂಡಗದ್ದೆ ದಾಟೋವರೆಗೆ ನಾಲ್ಕು ಸಲ ಫೋನ್ ಮಾಡಿದ್ಲು. ಅಮ್ಮಿಗೆ ಶಕ್ತಿ ಯೋಜನೇಲಿ ಟಿಕೆಟ್ ಫ್ರೀ ಆಗಬೇಕಿತ್ತು, ಆದ್ರೆ ನಮ್ಮ ಕಡೆ ಓಡೋದು ಜಾಸ್ತಿ ಪ್ರೈವೇಟ್ ಬಸ್ಸು, ಅಲ್ಲಿ ಫ್ರೀ ಇಲ್ಲ. ಬೇಸಿಗೇಲಿ ಇಪ್ಪತ್ತು ದಿನ ಹೋಗಿ ಹದಿನೇಳನೇ ದಿನಕ್ಕೇ ಅಪ್ಪಿ ಅಮ್ಮ ಬೇಕು ಅಂತ ಅತ್ತ, ಅವನೇ ಬೈಕಲ್ಲಿ ಕರ್ಕೊಂಡು ಬಂದು ಬಿಟ್ಟು ಹೋದ, ಯಾರೂ ಮೆಮೋ ಹಾಕ್ಲಿಲ್ಲ. ಸೆಪ್ಟೆಂಬರಲ್ಲಿ ಡಿಕ್ರಿ ಆಯ್ತು. ಆವತ್ತು ಇಬ್ರೂ ಕೋರ್ಟ್ ಆವರಣದಲ್ಲಿ ಎಂಥ ಮಾತಾಡಬೇಕು ಅಂತ ಗೊತ್ತಾಗ್ದೇ ನಿಂತಿದ್ರು. ಅಕ್ಟೋಬರ್ 17ಕ್ಕೆ ಹುಣ್ಣಿಮೆ, ದಸರಾ ರಜೆಯೊಳಗೇ ಬಂದಿತ್ತು, ಅಮ್ಮಿ ನಾಲ್ಕು ದಿನ ಮುಂಚೇನೇ ಹೋದ್ಲು.

ಹೊಟ್ಟೆನೋವು ಪೂರ್ತಿ ಹೋಗಿಲ್ಲ. ಪರೀಕ್ಷೆ ಮುಂಚೆ ಬರುತ್ತೆ, ಅಪ್ಪ ಅಮ್ಮ ಫೋನಲ್ಲಿ ಗಟ್ಟಿಯಾಗಿ ಮಾತಾಡಿದ್ರೆ ಬರುತ್ತೆ. ಅಪ್ಪಿ ಹಾಸಿಗೆ ಒದ್ದೆ ಮಾಡೋದು ಬೇಸಿಗೆ ಹೊತ್ತಿಗೆ ನಿಂತಿತ್ತು. "ಅಪ್ಪಯ್ಯ ಕೊಯ್ಲಲ್ಲಿದಾರೆ" ಅನ್ನೋದು ಮಾತ್ರ ಬಿಟ್ಟಿಲ್ಲ, ಈಗ ಕೊಯ್ಲಿನ ತಿಂಗ್ಳಲ್ಲಿ ಮಾತ್ರ ಹೇಳ್ತಾನೆ. ಅವರಪ್ಪನಿಗೆ ಎರಡನೇ ಮದುವೆ ಮಾತು ನಡೀತಿದೆ ಅಂತ ಅಜ್ಜಿ ಬಾಯಿಂದ ಅಮ್ಮಿಗೆ ಗೊತ್ತಾಗಿದೆ. ಯಾರನ್ನೂ ಕೇಳಿಲ್ಲ, ಹಾಗಾಗಿ ಒಳಗೆ ಏನು ನಡೀತಿದೆಯೋ ನೋಡ್ಬೇಕು.

ಕಳೆದ ವರ್ಷ ಮಳೆ ಕಳೆಯೋ ಹೊತ್ತಿಗೆ ಒಂದು ಶನಿವಾರ ಅವರಪ್ಪ ಫೋನ್ ಮಾಡ್ದ, ಸಿಟ್ಟಲ್ಲಿದ್ದ. ಅಮ್ಮಿ ಈ ವಾರ ಬರಲ್ಲ ಅಂದಿದಾಳೆ, ಫ್ರೆಂಡ್ ಬರ್ತ್‌ಡೇ ಅಂತೆ, ಅಮ್ಮನೇ ಹೇಳ್ಕೊಟ್ಟಿರ್ಬೇಕು, ಇದಕ್ಕೆ ಎಂಥ ಮಾಡದು, ಕೋರ್ಟಲ್ಲಿ ಹಾಕದಾ. ನಾನಂದೆ, ಅವಳಿಗೆ ಹದಿಮೂರಾಯ್ತು ಮಾರಾಯ್ರೆ, ನೀವಿಬ್ರೂ ಒಟ್ಟಿಗೆ ಇದ್ದಿದ್ರೂ ಈ ಶನಿವಾರ ಅವಳು ಫ್ರೆಂಡ್ ಮನೆಗೇ ಹೋಗ್ತಿದ್ಲು. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ, ಹಿಂದೆ ಕೋಳಿ ಕೂಗೋದು ಕೇಳ್ತಿತ್ತು.

"ಅಮ್ಮ ಕಡುಬು ಮಾಡಿ ಡಬ್ಬಿ ತುಂಬಿ ಇಟ್ಟಾಗಿದೆ" ಅಂದ. "ಯಾರ ಕೈಲಿ ಕಳ್ಸದು ಈಗ?"

ಬಸ್ಸಿನ ಕಂಡಕ್ಟರ್ ಕೈಲಿ ಕೊಡಿ ಅಂದೆ, ನಮ್ಮ ಕಡೆ ಔಷಧಿಯಿಂದ ಹಿಡಿದು ಮದುವೆ ಸೀರೆವರೆಗೆ ಎಲ್ಲಾ ಹೋಗೋದು ಹಾಗೇ ಅಲ್ವಾ. ಸಂಜೆ ಮಕ್ಕಳ ಅಮ್ಮ ಪ್ರೈವೇಟ್ ಬಸ್ ಸ್ಟ್ಯಾಂಡಿಗೆ ಹೋಗಿ ತಗೊಂಡ್ಲಂತೆ. ಮಾರನೇ ದಿನ ಬೆಳಿಗ್ಗೆ ಅದೇ ಬಸ್ಸಲ್ಲಿ ಡಬ್ಬಿ ವಾಪಸ್ ಹೋಯ್ತು, ಅಮ್ಮಿ ಇನ್ನೂ ಫ್ರೆಂಡ್ ಮನೇಲೇ ಇದ್ಲು. ಒಳಗೆ ಎಂಥ ಹಾಕಿದ್ಲು ಅಂತ ನಾನು ಕೇಳ್ಲಿಲ್ಲ.